ಮಿಲಾನಿನ ಬಾಗಿಲು ತೆಗೆದವಳು

“ಚರ್ಮ ಹದ ಮಾಡಾಕಿ ಮಗ ಇಟಲಿ ಒಂದು ಮಾಡ್ತಾನೇನಲೇ? ಬರೆಯೋದ್ರಾಗೂ ಕೇರಿ ಬುದ್ಧಿ ಬಿಡಲಿಲ್ಲಲ್ಲ ಸೂಳಿಮಗನ.”

ಅಮರೇಗೌಡರು ಹಾಳೆಗಳ ಕಟ್ಟನ್ನು ಟೀಪಾಯಿ ಮೇಲೆ ಒಗೆದರು. ಎದುರಿಗೆ ನನ್ನ ಗಂಡ ಆಂಜನೇಯ ಕೈ ಕಟ್ಟಿ ನಿಂತಿದ್ದ. ಮಸ್ಕಿಯಲ್ಲಿರುವ ಗೌಡರ ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಮುಂದಿನ ವರ್ಷ ಬಾ ಅನ್ನುವುದೂ ಬೇಡ ಅನ್ನುವುದೂ ಗೌಡರ ನಾಲಿಗೆಯ ಮೇಲಿತ್ತು. ಅವರ ಗದ್ದೆಯ ನಾಟಿ ಮಾತಾಡಲು ಬಂದಿದ್ದ ನಾವು ಹೆಂಗಸರು ಹಿತ್ತಲಲ್ಲಿ ಕೂತಿದ್ದೆವು. ಒಳಗಿನದೆಲ್ಲ ಕೇಳಿಸುತ್ತಿತ್ತು.

ಆ ಹಾಳೆಗಳಲ್ಲಿ ಅವನು ಬರೆದಿದ್ದ ಕಥೆ ಹುಟ್ಟಿದ್ದೇ ದಢೇಸುಗೂರಿನಲ್ಲಿರುವ ಗೌಡರ ಗದ್ದೆಯಲ್ಲಿ. ಕಾಲೇಜಿಗೆ ರಜೆ ಇದ್ದಾಗ ಆಂಜನೇಯ ನಮ್ಮೊಂದಿಗೆ ಸಸಿ ಹೊರಲು ಬರುತ್ತಿದ್ದ. ನಡು ಬಗ್ಗಿಸಿ ನಾಟಿ ಹಚ್ಚುವ ನಮಗೆ ಬೇಸರ ಆಗದಿರಲೆಂದು ಬದುವಿನ ಮೇಲೆ ನಿಂತು ಹೇಳುತ್ತಿದ್ದ. ಐನೂರು ವರ್ಷಗಳ ಹಿಂದೆ ಇಟಲಿ ಎಂಬುದು ಒಂದು ದೇಶವೇ ಆಗಿರಲಿಲ್ಲವಂತೆ. ಮಿಲಾನ್, ವೆನಿಸ್, ನೇಪಲ್ಸ್ ಎಂದು ಊರಿಗೊಂದು ರಾಜ್ಯ. ದೊರೆಗಳು ಕೂಲಿ ಸೈನಿಕರನ್ನು ಇಟ್ಟುಕೊಂಡು ಬಡಿದಾಡಿಸುತ್ತಿದ್ದರಂತೆ. ಅವೆಲ್ಲ ಒಂದಾಗಿದ್ದು ಎಷ್ಟೋ ತಲೆಮಾರು ಕಳೆದ ಮೇಲೆ. ಆಗಲೇ ಒಬ್ಬ ದಂಡನಾಯಕ ಹುಟ್ಟಿ ಎಲ್ಲವನ್ನೂ ಒಂದು ಮಾಡಿದ್ದರೆ ಏನಾಗುತ್ತಿತ್ತು? ಅದೇ ಅವನ ಕಥೆ. ದಂಡನಾಯಕನಿಗೆ ಲೊರೆಂಜೊ ಎಂದು ಹೆಸರಿಟ್ಟಿದ್ದ. ನಮ್ಮ ಬಾಯಲ್ಲಿ ಅವನು ರೆಂಜಪ್ಪನಾದ.

ರೆಂಜಪ್ಪನ ತಾಯಿ ಚರ್ಮ ಹದ ಮಾಡುವವಳು. ಅವನೂ ಕೂಲಿ ಸೈನಿಕನೇ. ಎರಡೂ ಕಡೆ ಸಾಯುವವರು ನಾವೇ ಎಂದು ಎದುರು ಪಾಳೆಯಕ್ಕೆ ಹೋಗಿ ಹೇಳಿದ. ಯುದ್ಧಕ್ಕಿಂತ ಹೆಚ್ಚಾಗಿ ಮಾತಿನಿಂದಲೇ ಒಂದೊಂದು ಕೋಟೆ ಹಿಡಿದ. ಮಿಲಾನಿಗೆ ಬಂದಾಗ ಕಥೆ ನಿಂತುಬಿಟ್ಟಿತು. ಕೋಟೆಯ ಬಾಗಿಲನ್ನು ಒಳಗಿನಿಂದ ಯಾರು ತೆಗೆಯಬೇಕು ಎಂಬುದು ಆಂಜನೇಯನಿಗೆ ಹೊಳೆಯಲಿಲ್ಲ. ನಮ್ಮ ಗುಂಪಿನ ಮಾಬುಬೀ ಸಸಿ ಊರುತ್ತಲೇ ಅಂದಳು, ಮುಂಜಾನೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರುವವಳು ಕಸ ಹೊಡೆಯುವವಳು, ಅವಳೇ ತೆಗೆಯಲಿ ಎಂದು. ಅವನು ಹಾಗೆಯೇ ಬರೆದ. ಬರೆದದ್ದನ್ನು ಓದಿ ಹೇಳಿದ ದಿನ ಮಾಬುಬೀ ಕೆಸರುಗೈಯಲ್ಲೇ ಕಣ್ಣೊರೆಸಿಕೊಂಡಳು.

ಅಚ್ಚು ಹಾಕಿಸಲು ಸಹಾಯ ಕೇಳಿ ಅವನು ಹಾಳೆಗಳನ್ನು ಮೊದಲೇ ಕೊಟ್ಟಿದ್ದ, ಆ ದಿನ ಉತ್ತರ ಕೇಳಲೆಂದು ಗೌಡರ ಮನೆಗೆ ಹೋಗಿದ್ದ. ಬೈದಾದ ಮೇಲೆ ಗೌಡರು ದನಿ ಇಳಿಸಿದರು. “ನಮ್ಮ ಪಂಪನಗೌಡ ಓದ್ಯಾನ. ತಿದ್ದೋದು ಭಾಳ ಐತಿ ಅಂದಾನ. ಇಲ್ಲೇ ಇಟ್ಟು ಹೋಗು.” ಪಂಪನಗೌಡ ಅವರ ಮಗ.

ಆಂಜನೇಯ ಇಟ್ಟು ಬಂದ.

ಮಳೆಗಾಲ ಕಳೆದ ಮೇಲೆ ಅಚ್ಚಿನ ತಪ್ಪು ತಿದ್ದಿಕೊಡಲು ಅವನಿಗೇ ಹಾಳೆಗಳು ಬಂದವು. ಲೊರೆಂಜೊ ಈಗ ಜಮೀನ್ದಾರನ ಮಗನಾಗಿದ್ದ. ಮಿಲಾನಿನ ಬಾಗಿಲನ್ನು ಅವನಿಗೆ ಮನಸ್ಸು ಕೊಟ್ಟ ರಾಜಕುಮಾರಿ ತೆಗೆಯುತ್ತಿದ್ದಳು. ಮೊದಲ ಪುಟದಲ್ಲಿ ಪಂಪನಗೌಡನ ಹೆಸರಿತ್ತು. ಆಂಜನೇಯ ಗೋಡೆಗೆ ಒರಗಿ ಕೂತು ಕಾಗುಣಿತ ತಿದ್ದಿದ. ನನ್ನ ಅತ್ತೆ ಮುದುಕಮ್ಮ ರೊಟ್ಟಿ ಬಡಿಯುತ್ತಾ, ಹೆಸರು ಅವರದೇ ಏನು ಎಂದು ಕೇಳಿದಳು. ಹೂಂ ಅಂದ. ನೌಕರಿ ಉಳಿಯಿತೇನು ಎಂದಳು. ಅದಕ್ಕೂ ಹೂಂ ಅಂದ. ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು.

ಪುಸ್ತಕದ ಬಿಡುಗಡೆ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ. ಕುರ್ಚಿ ತುಂಬಬೇಕೆಂದು ಗೌಡರ ಮೇಸ್ತ್ರಿ ಗ್ಯಾನಪ್ಪ ನಮ್ಮೂರು ಮುಕ್ಕುಂದಕ್ಕೆ ಟ್ರ್ಯಾಕ್ಟರ್ ತಂದು ನಮ್ಮ ಗುಂಪನ್ನೆಲ್ಲ ಹತ್ತಿಸಿಕೊಂಡ. ಊಟ ಐತಿ, ಸುಮ್ಮನ ಕುಂತು ಚಪ್ಪಾಳಿ ಬಡೀರಿ ಅಂದ. ಏನು ಕಾರ್ಯಕ್ರಮ ಎಂದು ನನಗೂ ಅತ್ತೆಗೂ ಗೊತ್ತಿತ್ತು. ಉಳಿದವರಿಗೆ ಹೇಳಲು ಬಾಯಿ ಬರಲಿಲ್ಲ.

ವೇದಿಕೆಯ ಪಕ್ಕದಲ್ಲಿ ಆಂಜನೇಯ ಶಾಲು, ಹಾರಗಳ ತಟ್ಟೆ ಹಿಡಿದು ನಿಂತಿದ್ದ. ಪಂಪನಗೌಡ ಎದ್ದು ಮಿಲಾನಿನ ಭಾಗವನ್ನೇ ಓದಿದ. ಮೊದಮೊದಲು ನಮ್ಮ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೆಂಜಪ್ಪನ ಕಥೆ ಅಲ್ಲೇನು ಎಂದು ಯಾರೋ ಪಿಸುಗುಟ್ಟಿದರು. ರಾಜಕುಮಾರಿ ರೇಷ್ಮೆ ಸೆರಗು ಎತ್ತಿಕೊಂಡು ಕೋಟೆಯ ಬಾಗಿಲಿಗೆ ಬಂದಳು. ಮಾಬುಬೀ ಎದ್ದು ನಿಂತಳು.

“ಆ ಬಾಗ್ಲ ರಾಜಕುಮಾರಿ ತೆಗೀಲಿಲ್ರೀ. ಕಸ ಹೊಡಿಯಾಕಿ ತೆಗದ್ಲು. ಆಕೀನ್ನ ಹಡದಾಕಿ ನಾ ಅದೀನಿ.”

ಮಂಟಪವೆಲ್ಲ ನಕ್ಕಿತು. ನಿರೂಪಕ ಮೈಕು ಹಿಡಿದು, ಕಾದಂಬರಿ ಹಳ್ಳಿಯ ಮುಗ್ಧ ತಾಯಂದಿರ ಮನಸ್ಸನ್ನೂ ಹೊಕ್ಕಿದೆ, ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಕೇ ಎಂದ. ಚಪ್ಪಾಳೆ ಬಿದ್ದವು. ಮಾಬುಬೀ ಮತ್ತೆ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಗೌಡರು ನಗುತ್ತಲೇ ಆಂಜನೇಯನ ಕಡೆಗೆ ಬಾಗಿ ಅಂದದ್ದನ್ನು ಅವನು ಆಮೇಲೆ ಹೇಳಿದ. “ಹೋಗಿ ಕುಂದರಸಲೇ ಆ ಮುದುಕೀನ.”

ಅವನು ತಟ್ಟೆ ಕೆಳಗಿಟ್ಟು ಇಳಿದು ಬಂದ. ಅವನ ಮೋರೆ ನೋಡಲಾಗದೆ ನಾನು ತಲೆ ತಗ್ಗಿಸಿದೆ. ಅವನು ಮಾಬುಬೀಯನ್ನು ಕೂರಿಸಲಿಲ್ಲ. ಅವಳ ಪಕ್ಕದಲ್ಲಿ ನಿಂತು, ವೇದಿಕೆಯ ಕಡೆ ನೋಡುತ್ತಾ, “ಈಕಿ ಹೇಳಾಕತ್ತಿದ್ದು ಖರೆ ಐತಿ” ಅಂದ. ಕ್ಲಾಸಿನಲ್ಲಿ ಪಾಠ ಹೇಳುವ ದನಿಯದು. ಅಷ್ಟರಲ್ಲಿ ಸನ್ಮಾನದ ಹಾಡು ಹಾಕಿಬಿಟ್ಟಿದ್ದರು. ನಮ್ಮ ಸಾಲಿನ ಆಚೆಗೆ ಆ ಮಾತು ಹೋಗಲೇ ಇಲ್ಲ. ಮುದುಕಮ್ಮ ಎದ್ದಳು, ನಾನೂ ಎದ್ದೆ. ಗುಂಪಿನವರೆಲ್ಲ ಎದ್ದು ನಿಂತೆವು. ಹಿಂದೆ ಕೂತಿದ್ದವರು, ವೇದಿಕೆ ಕಾಣುತ್ತಿಲ್ಲ ಕೂತುಕೊಳ್ಳಿ ಎಂದು ಬೈದರು.

ಹೊರಗೆ ಬಂದಾಗ ಗ್ಯಾನಪ್ಪ ಟ್ರ್ಯಾಲಿಯ ಹಿಂಬದಿಯ ಹಲಗೆ ಹಾಕಿಬಿಟ್ಟಿದ್ದ. ಅವನು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. “ಹತ್ತಬ್ಯಾಡ್ರಿ ಯವ್ವ. ಗೌಡ್ರು ಬ್ಯಾಡಂದಾರ.”

ಮರುದಿನ ಕಾಲೇಜಿನಿಂದ ಫೋನ್ ಬಂತು, ಇನ್ನು ಬರಬೇಕಾಗಿಲ್ಲವೆಂದು. ಆಂಜನೇಯ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಹೊರಗೆ ಬಂದು ಕೂತ. ಬೇಸಿಗೆ ಬೆಳೆಗೆ ಕಾಲುವೆ ನೀರು ಬಿಟ್ಟಿದ್ದರು. ಎಲ್ಲ ಕಡೆ ನಾಟಿ ಶುರುವಾದರೂ ನಮ್ಮನ್ನು ಯಾರೂ ಕರೆಯಲಿಲ್ಲ. ಗೌಡರಿಗೆ ಬೇಡವಾದವರು ಉಳಿದ ಗದ್ದೆಯವರಿಗೂ ಬೇಡವಾದೆವು.

ಆದರೂ ದಿನಾ ಬುತ್ತಿ ಕಟ್ಟಿಕೊಂಡು ಕಾಲುವೆ ರಸ್ತೆಯಲ್ಲಿ ನಿಲ್ಲುತ್ತೇವೆ. ಇಂದು ನಮ್ಮ ಬದಲಿಗೆ ಲಿಂಗಸುಗೂರು ಕಡೆಯಿಂದ ಯಾವುದೋ ಹಳ್ಳಿಯ ಹೆಂಗಸರನ್ನು ನಾಟಿಗೆ ತುಂಬಿಕೊಂಡು ಗೌಡರ ಟ್ರ್ಯಾಕ್ಟರ್ ಬಂತು. ನಿಲ್ಲಿಸಲೆಂದು ಮಾಬುಬೀ ರಸ್ತೆ ನಡುವೆ ಹೋಗಿ ಕೈಯೆತ್ತಿದಳು. ಗ್ಯಾನಪ್ಪ ಹಾರ್ನ್ ಒತ್ತಿ ಪಕ್ಕಕ್ಕೆ ತಿರುಗಿಸಿಕೊಂಡ. ನೀವು ಯಾವ ಊರವರು ಎಂದು ಮುದುಕಮ್ಮ ಕೂಗಿ ಕೇಳಿದಳು. ಟ್ರ್ಯಾಲಿಯಲ್ಲಿದ್ದವರು ಬಿಸಿಲಿಗೆ ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದರು. ಅವರಲ್ಲಿ ಒಬ್ಬಳು ಕೈ ಎತ್ತಲು ಹೋದಳು. ಗ್ಯಾನಪ್ಪ ಹಿಂದಿರುಗಿ ನೋಡಿದ. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.