ಇಬ್ಬರೂ ಇರಬೇಕು

ಗಂಡ ಸ್ವರೂಪನ ಕರ್ಮಗಳು ಮುಗಿದು, ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಗ್ಗೆ ಅಕ್ಷರಾ ಕಾಫಿಗೆಂದು ಬಂದರೆ, ರಾತ್ರಿಯ ಮಳೆಗೆ ಅಡುಗೆಮನೆಯ ಸೀಲಿಂಗ್ ಸೋರುತ್ತಿತ್ತು. ಕೆಳಗೊಂದು ಪಾತ್ರೆ ಇಟ್ಟು, ಕ್ಯಾಂಟನ್ ಊರಿನ ಛಾವಣಿ ರಿಪೇರಿಯವನೊಬ್ಬನಿಗೆ ಫೋನ್ ಮಾಡಿದಳು.

"ಗಂಡ ಹೆಂಡತಿ ಇಬ್ಬರೂ ಮನೇಲಿದ್ದಾಗಲೇ ನಾವು ಬಂದು ಕೊಟೇಶನ್ ಕೊಡೋದು" ಎಂದ ಅವನು.

"ನಾನೊಬ್ಬಳೇ ಸಾಕು."

"ಆಮೇಲೆ ಅವರು ಬೇಡ ಅಂದುಬಿಟ್ರೆ?"

"ಅನ್ನಲ್ಲ. ಸತ್ತುಹೋಗಿದ್ದಾರೆ."

ಅವನು ಸಾರಿ ಹೇಳಿದ. ಹಾಗಾದರೆ ನಿರ್ಧಾರ ಮಾಡುವವರು ಬೇರೆ ಯಾರಿದ್ದಾರೆ ಎಂದೂ ಕೇಳಿದ. ಅಕ್ಷರಾ ಫೋನ್ ಕುಕ್ಕಿದಳು. ಎರಡನೆಯವನಿಗೂ ಇಬ್ಬರೂ ಬೇಕಿತ್ತು. ಮೂರನೆಯ ಕಡೆ ಫೋನೆತ್ತಿದ ಹೆಂಗಸು ಮಾತ್ರ, "ಫೋಟೋ ಕಳಿಸಿ, ನೋಡಿ ರೇಟು ಹೇಳ್ತೀನಿ" ಎಂದಳು.

ಅಕ್ಷರಾ ಗರಾಜಿನಿಂದ ಏಣಿ ಎಳೆದು ತಂದು ಹತ್ತಿದಳು. ಛಾವಣಿಗೆ ಹೊದಿಸಿದ್ದ, ಈಗ ಕಿತ್ತುಬಂದ ಶಿಂಗಲ್ ಬಿಲ್ಲೆಗಳ ಫೋಟೋ ತೆಗೆಯುವಷ್ಟರಲ್ಲಿ ಎದುರುಮನೆಯ ಶಿವರಾಮು ಅಂಕಲ್ ಓಡಿಬಂದರು.

"ಇಳಿಯಮ್ಮಾ! ವೈಕುಂಠ ಸಮಾರಾಧನೆ ಈಗಿನ್ನೂ ಆಗಿದೆ, ನೋಡಿದೋರು ಏನಂತಾರೆ? ರಿಪೇರಿಯವರ ಹತ್ರ ನಾನು ಮಾತಾಡ್ತೀನಿ ಬಿಡು. ಗಂಡಸಿನ ದನಿ ಕೇಳಿದ್ರೆ ಅವರೂ ನೆಟ್ಟಗಾಗ್ತಾರೆ."

"ನಿಮ್ಮನೆ ಸೋರಿದಾಗ ಮಾತಾಡಿ ಅಂಕಲ್."

ಸಿಟ್ಟಿನಲ್ಲಿ ಅವಸರಕ್ಕೆ ತೆಗೆದ ಎರಡು ಫೋಟೋ ಕೆಟ್ಟವು. ಮತ್ತೆ ತೆಗೆದಳು. ಕಳಿಸಿದ ಮೇಲೇ ಇಳಿದಳು.

ಅಂಕಲ್ ಕೈಚಾಚಿದರೂ ಕೊಡದೆ, ಏಣಿಯನ್ನು ತಾನೇ ರಸ್ತೆ ದಾಟಿಸಿ ಅವರ ಗರಾಜಿನ ಗೋಡೆಗೆ ಒರಗಿಸಿದಳು.

"ಸ್ವರೂಪ ನಿಮ್ಮಿಂದ ಇಸ್ಕೊಂಡು ಬಂದಿದ್ದು. ನನಗೆ ಬೇಕಾದ್ರೆ ನಾನೇ ಒಂದು ಕೊಂಡ್ಕೋತೀನಿ."