ಮೀಟರ್ ಹಾಕಲು ಬಂದವರು

ಇಂಗ್ಲಿಷ್ ಬಂದರು ಪಟ್ಟಣ ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೀನು ಸೀಳಿದ ಹೇಝಲ್‌ಳ ಕೈಗಳಲ್ಲಿ ಇನ್ನೂ ಕಸುವಿತ್ತು. ಗಂಡ ಲೆನ್‌ಗೆ ಮಾತ್ರ ಶ್ವಾಸಕೋಶ ಕೈಕೊಟ್ಟಿತ್ತು. ಮಹಡಿಯ ಕೋಣೆಯಲ್ಲಿ ಆಮ್ಲಜನಕದ ಯಂತ್ರ ಇಡೀ ದಿನ ಗುಂಯ್‌ಗುಡುತ್ತಿತ್ತು. ಅದು ನಿಂತರೆ ಅವನ ತುಟಿ ನೀಲಿಗಟ್ಟುತ್ತಿತ್ತು.

ಗ್ಯಾಸ್ ಕಳಿಸುತ್ತಿದ್ದ ದೇಶ ಯುದ್ಧ ಶುರುಮಾಡಿದ ವರ್ಷ ಸಗಟು ಪೇಟೆಯಲ್ಲಿ ಗ್ಯಾಸಿನ ಬೆಲೆ ಗಗನಕ್ಕೇರಿತು. ತಿಂಗಳಿಗೆ ತೊಂಬತ್ತು ಪೌಂಡ್ ಬರುತ್ತಿದ್ದ ಮನೆಯ ಬಿಲ್ಲು ಮುನ್ನೂರು ಮುಟ್ಟಿತು. ಹೇಝಲ್ ಹೀಟರ್ ಆರಿಸಿದಳು, ಕೋಟು ಹಾಕಿಕೊಂಡೇ ಅಡುಗೆ ಮಾಡಿದಳು. ಆದರೂ ಬಾಕಿ ಬೆಳೆಯಿತು. ಕಂಪನಿಗೆ ಫೋನ್ ಮಾಡಿದಳು.

"ನನ್ ಗಂಡನ ಆಕ್ಸಿಜನ್ ಯಂತ್ರ ಓಡೋದು ಕರೆಂಟಲ್ಲಿ ಕಣಮ್ಮ, ಗ್ಯಾಸಲ್ಲಲ್ಲ. ಕರೆಂಟ್ ಯಾಕೆ ದುಬಾರಿ ಆಯ್ತು?"

"ಕರೆಂಟ್ ತಯಾರಾಗೋದೂ ಗ್ಯಾಸಿಂದಾನೇ ಮೇಡಮ್. ಅಲ್ಲಿ ಏರಿದ್ರೆ ಇಲ್ಲೂ ಏರತ್ತೆ," ಎಂದಳು ಆ ಕಡೆಯ ಹುಡುಗಿ. ಯಂತ್ರದ ವಿಷಯ ಬರೆದುಕೊಂಡೆ ಎಂದಳು. ಹೇಝಲ್ ಏಳು ಸಲ ಫೋನ್ ಮಾಡಿದಳು. ಏಳು ಸಲವೂ ಯಾರೋ ಬರೆದುಕೊಂಡರು.

ಜನವರಿಯಲ್ಲಿ ಒಂದು ಬೆಳಗ್ಗೆ ಬಾಕಿಗಾಗಿ ಕಂಪನಿ ಕಳಿಸಿದ ಇಬ್ಬರು ಬಂದರು: ಬೀಗ ತೆಗೆಯುವ ಟ್ರೆವರ್, ಮೀಟರ್ ಹಾಕುವ ಗ್ಯಾರತ್. ಮೊದಲೇ ದುಡ್ಡು ಹಾಕಿದಷ್ಟೇ ಕರೆಂಟ್ ಕೊಡುವ ಮೀಟರ್ ಅದು. ದುಡ್ಡು ಮುಗಿದರೆ ಯಂತ್ರವೂ ನಿಲ್ಲುತ್ತದೆ.

"ಕೋರ್ಟ್ ಆರ್ಡರ್ ಇದೆ. ಬಾಗಿಲು ತೆಗೀರಿ ಮೇಡಮ್."

"ಮೇಲೆ ನನ್ ಗಂಡ ಆಕ್ಸಿಜನ್ ಮೇಲಿದಾನೆ. ಒಳಗೆ ಬಂದ್ರೆ ಕೈ ಮುರೀತೀನಿ."

"ಎಲ್ರೂ ಇಂಥದ್ದೇನೋ ಒಂದು ಹೇಳ್ತಾರೆ," ಎಂದ ಗ್ಯಾರತ್. "ಕೊರಿ, ಟ್ರೆವರ್."

ಡ್ರಿಲ್ ಕಿರುಚಿತು. ಬೀಗ ತುಂಡಾಗಿ ನೆಲಕ್ಕೆ ಬಿತ್ತು. ಬಾಗಿಲು ತಳ್ಳಿದ ಕೈ ಕಂಡದ್ದೇ ತಡ, ಹೇಝಲ್ ಕಬ್ಬಿಣದ ಬಾಣಲೆಯನ್ನು ಎರಡೂ ಕೈಯಲ್ಲೆತ್ತಿ ಅಪ್ಪಳಿಸಿದಳು. ಮೂಳೆ ಲಟಕ್ಕನೆ ಮುರಿಯಿತು. ಟ್ರೆವರ್ ಊಳಿಡುತ್ತಾ ಕುಸಿದ. ಅವನ ಕೈಯಿಂದ ಜಾರಿದ ಡ್ರಿಲ್ ಹೇಝಲ್‌ಳ ಮುಂಗೈ ಸೀಳಿಕೊಂಡು ಹೋಯಿತು. ಅವಳು ಮತ್ತೆ ಬಾಣಲೆ ಎತ್ತುವಷ್ಟರಲ್ಲಿ ಗ್ಯಾರತ್ ಅವಳ ಕುತ್ತಿಗೆ ಹಿಡಿದು ಮುಖವನ್ನು ಗೋಡೆಗೆ ಬಡಿದ. ಬಾಯಿ ತುಂಬ ರಕ್ತ, ನಾಲಿಗೆಯ ಮೇಲೆ ಮುರಿದ ಹಲ್ಲು. ಅವಳು ಅವನ ಕೈಯನ್ನೇ ಕಚ್ಚಿ ಹಿಡಿದಳು.

"ಬಿಡೋ ಅವಳನ್ನ!"

ಲೆನ್ ಮೆಟ್ಟಿಲ ಮೇಲಿದ್ದ. ಮೂಗಿಗೆ ಹಾಕಿದ್ದ ಆಮ್ಲಜನಕದ ನಳಿಕೆ ಕಿತ್ತುಬಂದು ಎದೆಯ ಮೇಲೆ ಜೋತಾಡುತ್ತಿತ್ತು. ಮೂರು ಮೆಟ್ಟಿಲು ಇಳಿದವನು ಮುಗ್ಗರಿಸಿ ಉರುಳಿಬಂದು ಗ್ಯಾರತ್‌ನ ಕಾಲ ಬಳಿ ಬಿದ್ದ. ತಲೆ ಒಡೆದಿತ್ತು, ತುಟಿ ನೀಲಿಗಟ್ಟಿತ್ತು.

ಗ್ಯಾರತ್‌ನ ಹಿಡಿತ ಸಡಿಲವಾಯಿತು. "ನಮಗೆ ಯಾರೂ ಹೇಳ್ಲಿಲ್ಲ," ಎಂದ.

"ಈಗ ತಾನೆ ಹೇಳಿದ್ನಲ್ಲೋ. ಹಿಡ್ಕೋ ಕಾಲು."

ಹೇಝಲ್, ಗ್ಯಾರತ್ ಇಬ್ಬರೂ ಸೇರಿ ಲೆನ್‌ನನ್ನು ಮೇಲಕ್ಕೆ ಹೊತ್ತರು. ಹೇಝಲ್‌ಳ ಕೈಯ ರಕ್ತ ಮೆಟ್ಟಿಲುಗಳ ಮೇಲೆಲ್ಲ ತೊಟ್ಟಿಕ್ಕಿತು. ನಳಿಕೆ ಮೂಗಿಗೆ ಸೇರಿ ಎಷ್ಟೋ ಹೊತ್ತಾದ ಮೇಲೆ ಲೆನ್ ಕೆಮ್ಮಿದ. ಅಷ್ಟರಲ್ಲಿ ನೆರೆಯವರು ಕರೆಸಿದ್ದ ಪೊಲೀಸರು ಬಂದಿದ್ದರು, ಆಂಬುಲೆನ್ಸೂ ಬಂದಿತ್ತು.

ಮೀಟರ್ ಹಾಕಲಿಲ್ಲ. ಕಂಪನಿ ಕ್ಷಮೆ ಕೇಳಿ ಕಾಗದ ಬರೆಯಿತು, ಬಾಕಿ ಮಾತ್ರ ಬಿಡಲಿಲ್ಲ. ಬೇಸಿಗೆಗೆ ಸಗಟು ಬೆಲೆ ಅರ್ಧಕ್ಕೂ ಕೆಳಗಿಳಿದರೂ ಮನೆಯ ಬಿಲ್ಲು ಬೇಗ ಇಳಿಯಲಿಲ್ಲ. ಟ್ರೆವರ್‌ನ ಕೈ ಮುರಿದ ಪ್ರಕರಣದಲ್ಲಿ ನ್ಯಾಯಾಧೀಶರು ಹೇಝಲ್‌ಳನ್ನು ಜೈಲಿಗೆ ಕಳಿಸದೆ, ಎಚ್ಚರಿಕೆ ಕೊಟ್ಟು ಬಿಟ್ಟರು.

ಕೋರ್ಟಿನ ಹೊರಗೆ ಟ್ರೆವರ್ ನಿಂತಿದ್ದ. ಕೈಯೊಳಗೆ ಉಕ್ಕಿನ ಪಟ್ಟಿ ಹಾಕಿದ್ದರು, ಬೆರಳು ಮಡಚಲು ಬರುತ್ತಿರಲಿಲ್ಲ.

"ನಮ್ಮನೆ ಬಿಲ್ಲೂ ಮುನ್ನೂರಾಗಿತ್ತು," ಎಂದ. "ಅದಕ್ಕೇ ಈ ಕೆಲಸ ಹಿಡಿದಿದ್ದೆ."

ಹೇಝಲ್ ಬಸ್ಸು ಬರುವವರೆಗೂ ಅವನ ಪಕ್ಕದಲ್ಲೇ ನಿಂತಿದ್ದಳು.