ನಾನೂರ ಹನ್ನೆರಡನೆಯ ಪದರ

ಪರದೆಯ ಮೇಲೆ ಬೂದು ಬಣ್ಣ ಮೆಲ್ಲಗೆ ಜಾರುತ್ತಿದೆ, ಸ್ಕ್ಯಾನ್ ಯಂತ್ರ ಅಕ್ಕನ ದವಡೆಯನ್ನು ಪದರ ಪದರವಾಗಿ ಬಿಚ್ಚಿ ತೋರಿಸುತ್ತಿದೆ, ಇನ್ನೂರ ಆರು, ಇನ್ನೂರ ಏಳು — ಅಕ್ಕನದು ಅನ್ನುವುದಾದರೂ ಹೇಗೆ, ಅವಳದನ್ನು ಗಡ್ಡೆಯ ಸಮೇತ ಡಾಕ್ಟರು ತೆಗೆದು ವರ್ಷವಾಯಿತು, ಇದು ಟೈಟೇನಿಯಂ ಪುಡಿಯಿಂದ ತಂಗಿ ಕೂತು ಮಾಡಿಸಿದ್ದು, ಮೈದಾ ಹಿಟ್ಟಿನಷ್ಟು ನುಣುಪು ಪುಡಿ, ಲೇಸರ್ ಓಡಿದಲ್ಲೆಲ್ಲ ಕರಗಿ ಗಟ್ಟಿಯಾಗಿ, ಮೇಲೆ ಮತ್ತೊಂದು ತೆಳು ಹಾಸು, ಮತ್ತೆ ಲೇಸರ್, ಆರು ವರ್ಷದಿಂದ ದಿನಾ ಇದೇ ಕೆಲಸ ಮಾಡುತ್ತಿದ್ದರೂ ಅವಳ ಮೈ ಜುಮ್ಮೆನ್ನುತ್ತದೆ, ಪುಡಿಯೊಳಗಿಂದ ಮೂಳೆ ಎದ್ದು ಬರುವುದೆಂದರೆ ಹುಡುಗಾಟವೇ. ಆ ಬೆರಗೇ ಅವಳಿಗೆ ಮುಳುವಾಯಿತು. ಲೇಸರ್ ಉರಿಯುವಾಗ ಫೋನ್ ಹಿಡಿದರೆ ಬರೀ ಬಿಳಿ, ಅದಕ್ಕೇ ಯಂತ್ರ ನಿಲ್ಲಿಸಿ, ಅಕ್ಕನಿಗೆ ವಿಡಿಯೋ ಕಾಲ್ ಮಾಡಿ, ಕಿಂಡಿಗೆ ಫೋನ್ ತೋರಿಸಿ, ನೋಡೇ ಅಕ್ಕ ನಿನ್ನ ದವಡೆ, ಅಕ್ಕ ಅರ್ಧ ಬಾಯಲ್ಲೇ ನಕ್ಕು, ನನಗಿಂತ ಅದೇ ಲಕ್ಷಣವಾಗಿದೆ ಕಣೇ, ಇದು ಬಂದ ಮೇಲೆ ಒಂದು ಗಟ್ಟಿ ಬಿಸ್ಕತ್ತನ್ನ ಕಟುಂ ಅಂತ ಕಚ್ತೀನಿ, ಗಂಜಿ ಕುಡಿದೂ ಕುಡಿದೂ ನಾಲಿಗೆ ಸತ್ತುಹೋಗಿದೆ — ಹತ್ತು ನಿಮಿಷ, ಅಷ್ಟೇ, ಅಷ್ಟರಲ್ಲಿ ಆ ಪದರ ತಣ್ಣಗಾಗಿತ್ತು, ಮೇಲಿನದು ಒಂದು ಕಡೆ ಸರಿಯಾಗಿ ಬೆಸೆಯಲಿಲ್ಲ. ನಡುವೆ ನಿಲ್ಲಿಸಬೇಡಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳು ಅವಳೇ.

ಮುನ್ನೂರ ತೊಂಬತ್ತು. ಮೊದಲ ಸ್ಕ್ಯಾನಿನಲ್ಲಿ ನಾನೂರ ಹನ್ನೆರಡನೆಯ ಪದರದಲ್ಲಿ ಕಂಡ ಆ ಕಪ್ಪು ಚುಕ್ಕೆ, ಸಾಸಿವೆಯ ಹತ್ತನೇ ಒಂದು ಪಾಲೂ ಇಲ್ಲ, ದೊಡ್ಡ ಇಂಜಿನಿಯರು ಅದರ ಸುತ್ತ ಕೆಂಪು ವೃತ್ತ ಹಾಕಿದರು, ಯಾರು ನಿಲ್ಲಿಸಿದ್ದು, ನಾನೇ ಸಾರ್, ಯಾಕಮ್ಮ, ಅಕ್ಕಂಗೆ ತೋರಿಸೋಕೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಅವರು ಕನ್ನಡಕ ತೆಗೆದು ಒರೆಸಿಕೊಂಡರು, ದಿನಕ್ಕೆ ಸಾವಿರ ಸಲ ಅಗಿದರೆ ಬಿರುಕು ಶುರುವಾಗೋದು ಇಲ್ಲಿಂದಲೇ, ಒತ್ತಡದ ಕುಲುಮೆಗೆ ಹಾಕಿ ನೋಡೋಣ, ಚುಕ್ಕೆ ಉಳಿದರೆ ಇದನ್ನ ಬಿಸಾಕಿ ಬೇರೆ ಮಾಡೋದೇ, ಆಪರೇಷನ್ ಮುಂದಕ್ಕೆ ಹೋಗುತ್ತೆ. ಮುಂದಕ್ಕೆ, ಮೂರನೇ ಸಲ, ಅಕ್ಕನಿಗೆ ಹೇಗೆ ಹೇಳುವುದು, ನಾಳೆ ಬೆಳಿಗ್ಗೆ ಆಸ್ಪತ್ರೆ ಸೇರಲೆಂದು ಚೀಲ ಕಟ್ಟಿಟ್ಟು ಕೂತವಳಿಗೆ. ನಾನೂರು. ಕುಲುಮೆಯಿಂದ ಬಂದ ಮೇಲಿನ ಎರಡನೇ ಸ್ಕ್ಯಾನ್ ಇದು, ಹಳೆಯ ಗುರುತನ್ನು ಇದರ ಮೇಲೂ ಅದೇ ಜಾಗಕ್ಕೆ ಹೊಂದಿಸಿದ್ದಾರೆ. ಕುಲುಮೆಯೊಳಗೆ ಒಂಬೈನೂರು ಡಿಗ್ರಿ ದಾಟಿದ ಕಾವು, ಹೊರಗಿನ ಗಾಳಿಯ ಸಾವಿರ ಪಟ್ಟು ಒತ್ತಡದಲ್ಲಿ ಅನಿಲ ಎಲ್ಲ ಕಡೆಯಿಂದ ಒತ್ತುತ್ತದೆ, ಲೋಹ ಕರಗುವುದಿಲ್ಲ, ಆಕಾರ ಕೆಡುವುದಿಲ್ಲ, ಒಳಗಿನ ಪೊಳ್ಳಿನ ಗೋಡೆಗಳು ಮಾತ್ರ ಹತ್ತಿರ ಬಂದು ಅಂಟಿ ಒಂದಾಗುತ್ತವೆ, ಒಂದಾದರೆ, ಯಾರ ಕೈಯೂ ತಾಗದ ಜಾಗದಲ್ಲಿ ಗಾಯ ತಾನಾಗಿ ಕೂಡಿಕೊಳ್ಳುವುದು, ಪುಸ್ತಕದಲ್ಲಿ ಓದಿದ್ದಾಳೆ, ಬೇರೆಯವರ ಬಿಡಿಭಾಗಗಳಲ್ಲಿ ಕಂಡಿದ್ದಾಳೆ, ಆದರೆ ಇದು ಅಕ್ಕನ ಬಾಯಿ, ಓದಿದ್ದೆಲ್ಲ ಈಗ ಯಾವ ಲೆಕ್ಕಕ್ಕೂ ಇಲ್ಲ. ನಾನೂರ ಹತ್ತು, ಹನ್ನೊಂದು, ಮೇಜಿನ ಮೇಲೆ ಫೋನ್ ಗುಂಯ್‌ಗುಡುತ್ತಿದೆ, ಅಕ್ಕ, ಎತ್ತಿದಳು, ಏನಾಯ್ತೇ, ಮಾತಾಡೇ ಮಾರಾಯ್ತಿ, ಇವಳು ಫೋನ್ ಕಿವಿಗೊತ್ತಿಕೊಂಡೇ ಪದರ ಸರಿಸಿದಳು, ನಾನೂರ ಹನ್ನೆರಡು, ಹಿಂದೆ ಹೋದಳು, ಮುಂದೆ ಹೋದಳು, ಮತ್ತೆ ಅಲ್ಲಿಗೇ ಬಂದಳು, ವೃತ್ತ ಇದೆ, ಇಂಜಿನಿಯರು ಹಾಕಿದ ಅದೇ ಕೆಂಪು ವೃತ್ತ, ಅದರೊಳಗೆ ಬೂದು, ಬರೀ ಬೂದು, ಏನಾಯ್ತೇ, ಕೆಂಪು ವೃತ್ತ, ಒಳಗೆ ಚುಕ್ಕೆ ಇಲ್ಲ, ಕೆಂಪು ವೃತ್ತ